ರಾಣಿವಾಸದ ಸುದ್ದಿಯೂ ಮತ್ತೋಡಿನ ಗಿರಣಿಯೂ

ನಾನು ರಾಜರಾಣಿಯರ ಪ್ರೇಮಕಥೆ ಬರೆಯುವುದು ಕುಕ್ಕರಿನ ಮೊದಲನೇ ಕೂಗಿಗೂ ಮೂರನೇ ಕೂಗಿಗೂ ನಡುವೆ. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ ನಾನು. ಒಂಬತ್ತೂವರೆಗೆ ಹಾಜರಿ ಪುಸ್ತಕದ ಮುಂದೆ ನಿಂತಿರಬೇಕು. ಅಷ್ಟರೊಳಗೆ ಅನ್ನ ಆಗಬೇಕು, ಸಾರು ಆಗಬೇಕು, ನನ್ನ ರಾಣಿ ಕುದುರೆ ಹತ್ತಬೇಕು. ಮೊಬೈಲಿನಲ್ಲಿ ಕಥೆ ಓದುವವರಿಗೆಂದೇ ಆ್ಯಪ್‌ಗಳಿವೆಯಲ್ಲ, ಅಂಥ ಒಂದರಲ್ಲಿ ವಾರಕ್ಕೊಂದು ಕಂತು ಹಾಕುತ್ತೇನೆ. ಪಾಳೆಗಾರರ ಕಾಲ, ಬೆಟ್ಟದ ಮೇಲೊಂದು ಕೋಟೆ, ಒಬ್ಬಳು ಕಿರಿಯ ರಾಣಿ, ಅವಳ ಮೇಲೆ ಮನಸ್ಸಿಟ್ಟ ದಳವಾಯಿಯ ಮಗ. ಬೇರೆ ಹೆಸರಿಟ್ಟುಕೊಂಡು ಬರೆಯುತ್ತೇನಾದ್ದರಿಂದ ಸ್ಕೂಲಿನಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಹೆಡ್‌ಮಾಸ್ಟರ ಹೆಂಡತಿ ಒಂದು ಸಲ ನನ್ನೆದುರೇ ಆ ಕಥೆಯನ್ನು ಹೊಗಳಿ, "ಬರೆದೋಳು ಬಹಳ ರಸಿಕಳಿರಬೇಕು ಬಿಡ್ರಿ" ಅಂದಾಗ ನಾನು ವರ್ಗಾವಣೆ ಪತ್ರದ ಕಟ್ಟಿನೊಳಗೆ ಮುಖ ಹುದುಗಿಸಿಕೊಂಡೆ.

ನನ್ನ ರಾಣಿ ಬಂಡೆಯಿಂದ ಬಂಡೆಗೆ ಕುದುರೆ ಹಾರಿಸುತ್ತಾಳೆ. ನಾನು ಸ್ಕೂಟಿ ಕಲಿಯಲು ಹೋಗಿ ಸುಲಿದ ತೆಂಗಿನಕಾಯಿ ರಾಶಿಗೆ ಗುದ್ದಿ, ಅವತ್ತಿಗೇ ಅದರ ಸಹವಾಸ ಬಿಟ್ಟವಳು. ಅರಮನೆಯನ್ನಂತೂ ಕಂಡೇ ಇಲ್ಲ. ನನ್ನ ಕಥೆಯಲ್ಲಿ ಬರುವ ಉದ್ದನೆಯ ಮೊಗಸಾಲೆ, ಅದರ ಎರಡೂ ಕಡೆ ಕಾದು ಕುಳಿತ ಜನ, ಯಾವ ಬಾಗಿಲ ಹಿಂದೆ ಯಾರಿದ್ದಾರೋ ತಿಳಿಯದ ಗೊಂದಲ, ಇವೆಲ್ಲ ನಮ್ಮ ತಾಲ್ಲೂಕು ಕಚೇರಿಯಿಂದ ಎತ್ತಿಕೊಂಡದ್ದು. ಓದುಗರು "ಎಷ್ಟು ನೈಜವಾಗಿದೆ" ಎಂದು ಬರೆಯುತ್ತಾರೆ. ಪಹಣಿಗೆ ಅಲೆದವರೇ ಇರಬೇಕು.

ಇದು ಸಾಲದು, ಒಮ್ಮೆ ಕಣ್ಣಾರೆ ನೋಡೋಣ ಎಂದು ಒಂದು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಮಂಡಿನೋವಿನಲ್ಲೇ ಕೋಟೆ ಹತ್ತಿದೆ. ಗೈಡ್ ಒಬ್ಬರು ಜೊತೆಗೆ ಬಂದರು. ಯಾವ ಬಾಗಿಲಲ್ಲಿ ಯಾವ ದಾಳಿ, ಯಾವ ಬತೇರಿಯ ಮೇಲೆ ಯಾವ ಫಿರಂಗಿ, ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ಅರಮನೆ ಇದ್ದ ಜಾಗದಲ್ಲಿ ಮಣ್ಣಿನ ಗೋಡೆಗಳು ಸೊಂಟದೆತ್ತರಕ್ಕೆ ಉಳಿದಿದ್ದವು. "ಇಲ್ಲಿ ಹೆಂಗಸರು ಎಲ್ಲಿ ಕೂತು ಮಾತಾಡ್ತಿದ್ರು?" ಎಂದು ಕೇಳಿದೆ. ಅವರು ನನ್ನನ್ನು, ಆಮೇಲೆ ಗೋಡೆಯನ್ನು ನೋಡಿ, "ಇಪ್ಪತ್ತು ವರ್ಷ ಆಯ್ತು ಮೇಡಂ ಈ ಕೆಲಸ ಹಿಡಿದು, ಇದನ್ನ ಯಾರೂ ಕೇಳಿರಲಿಲ್ಲ" ಅಂದರು.

ನನಗೆ ಮಾತ್ರ ಬೇಕಾಗಿದ್ದದ್ದು ಅದೇ. ಹುಡುಗಿಯಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದು ಓದಿದ ಐತಿಹಾಸಿಕ ಪ್ರೇಮಕಾದಂಬರಿಗಳಲ್ಲೆಲ್ಲ ನಾಯಕಿಗೆ ಎರಡೇ ಬಲ: ಒಂದು ಚೆಲುವು, ಇನ್ನೊಂದು ಕತ್ತಿ. ನಿಜವಾಗಿ ಕಥೆ ಮುಂದೆ ನಡೆಸುತ್ತಿದ್ದವಳು ಒಬ್ಬ ದಾಸಿ. ಅವಳು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡು ಬಂದು ಹೇಳದಿದ್ದರೆ ನಾಯಕಿಗೆ ವಿಷದ ಬಟ್ಟಲೂ ತಿಳಿಯದು, ನಾಯಕನ ಮನಸ್ಸೂ ತಿಳಿಯದು. ಆದರೂ ಕೊನೆಯ ಹತ್ತು ಪುಟದೊಳಗೆ ಅವಳ ನಾಲಿಗೆ ಕತ್ತರಿಸುತ್ತಿದ್ದರು, ಇಲ್ಲವೇ ಊರು ಬಿಡಿಸುತ್ತಿದ್ದರು. ಯಾಕೆ ಎಂದು ಯೋಚಿಸುತ್ತಿದ್ದೆ. ಯೋಚಿಸುತ್ತಲೇ ನಾನೂ ಅದೇ ದಾರಿ ಹಿಡಿದಿದ್ದೆ. ನನ್ನ ಕಥೆಯಲ್ಲೂ ಚೆನ್ನಿ ಎಂಬ ದಾಸಿ ಇದ್ದಳು. ಮೂವತ್ತು ಕಂತು ಸುದ್ದಿ ಹೊತ್ತು ಹೊತ್ತು ಸವೆದಿದ್ದಳು. ಮೂವತ್ತೊಂದರಲ್ಲಿ ಅವಳನ್ನು ಕೋಟೆಯಿಂದ ಹೊರಗೆ ಹಾಕುವುದೆಂದು ತೀರ್ಮಾನಿಸಿದ್ದೆ.

ನನ್ನ ಗುಟ್ಟು ತಿಳಿದಿದ್ದ ಓದುಗರು ಇಬ್ಬರೇ. ಅವರಲ್ಲಿ ಒಬ್ಬರಿಗೆ ಓದು ಬರದು. ಆಕೆ ನನ್ನ ಸೋದರತ್ತೆ ಗಂಗತ್ತೆ, ಅಪ್ಪನ ಅಕ್ಕ, ಮತ್ತೋಡಿನಲ್ಲಿದ್ದಾಳೆ, ಎಪ್ಪತ್ತಾರು ದಾಟಿದೆ. ಮಧ್ಯಾಹ್ನ ಉಂಡ ಮೇಲೆ ಮೊಮ್ಮಗನ ಹೆಂಡತಿ ರೂಪಾ ಮೊಬೈಲು ಹಿಡಿದು ಓದುತ್ತಾಳೆ, ಅತ್ತೆ ಎಲೆಅಡಿಕೆ ಹಾಕಿಕೊಂಡು ಕೇಳುತ್ತಾಳೆ, ಆಮೇಲೆ ನನಗೆ ಫೋನು ಬರುತ್ತದೆ. ಆ ವಿಮರ್ಶೆಗೆ ದಾಕ್ಷಿಣ್ಯವಿಲ್ಲ. ರಾಣಿ ಮೊದಲ ಸಲ ಕತ್ತಿ ಹಿಡಿದ ವಾರ ಅತ್ತೆ ಕೇಳಿದ್ದು ಇಷ್ಟೇ: "ಲೇ ಸುಮಿ, ಅವಳಿಗ್ಯಾಕೆ ಕತ್ತಿ ಕೊಟ್ಟೆ? ಬಾಯಿ ಐತಲ್ಲ."

ಮೂವತ್ತೊಂದನೇ ಕಂತಿನ ವಿಷಯ ರೂಪಾಗೆ ಮೊದಲೇ ಹೇಳಿದ್ದೆ. ಅವಳು ಅತ್ತೆಗೆ ಹೇಳಿದಳು. ಅವತ್ತು ಫೋನು ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಶನಿವಾರ ರೂಪಾನೇ ಮಾಡಿದಳು. "ಅಕ್ಕ, ಅಜ್ಜಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಕೇಳಿದ್ರೆ ಆ ದಾಸಿ ಆ ದಾಸಿ ಅಂತಾರೆ. ನೀವೊಂದು ಸಲ ಬರ್ರಿ."

ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ಒಳಗೊಳಗೇ ಉಬ್ಬಿಕೊಂಡು ಬಸ್ಸು ಹತ್ತಿದೆ. ಮತ್ತೋಡು ಮುಟ್ಟುವವರೆಗೂ ಆ ಜಂಬ ಇತ್ತು.

ಅತ್ತೆ ಮನೆಯೊಳಗಿನ ಹಟ್ಟಿಯಲ್ಲಿ ಗೋಡೆಗೊರಗಿ ಕೂತಿದ್ದಳು. ನಾನು ಕೂರುವುದಕ್ಕೂ ಬಿಡದೆ, "ಆ ದಾಸಿನ್ನ ಊರು ಬಿಡಿಸಬ್ಯಾಡ" ಅಂದಳು.

"ಯಾಕತ್ತೆ, ಕಥೆ ತಾನೆ."

"ನಿನಗೆ ಕಥೆ."

ಆಮೇಲೆ ಅವಳು ಹೇಳಿದ್ದನ್ನು ನಾನು ಆದಷ್ಟು ಅವಳು ಹೇಳಿದ ಹಾಗೆಯೇ ಹೇಳುತ್ತೇನೆ.

ಸುಮಾರು ಐವತ್ತು ವರ್ಷದ ಹಿಂದೆ ಮತ್ತೋಡಿನಲ್ಲಿ ಊರಗೌಡರದ್ದೊಂದು ಹಿಟ್ಟಿನ ಗಿರಣಿ ಇತ್ತು. ನಡೆಸುತ್ತಿದ್ದವನ ಹೆಂಡತಿ ಕೆಂಚಮ್ಮ, ಅತ್ತೆಗೆ ಜೀವದ ಗೆಳತಿ. ರಾಗಿ ಬೀಸಿಸಲು ಬಂದ ಹೆಂಗಸರು ಅಲ್ಲಿ ಸಾಲಾಗಿ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಗಿರಣಿಯ ಸದ್ದಿಗೆ ಪಕ್ಕದವಳ ಮಾತೂ ಕೇಳದು. ಹೇಳಬೇಕಾದ್ದನ್ನು ಕಿವಿಗೆ ಬಾಯಿಟ್ಟೇ ಹೇಳಬೇಕು. "ಅದಕ್ಕೇ ಹೇಳಬಾರದ್ದೆಲ್ಲ ಅಲ್ಲೇ ಹೇಳ್ತಿದ್ವಿ. ಕೆಂಚಿಗಂತೂ ತುಟಿ ನೋಡಿದ್ರೆ ಸಾಕು, ಆ ಕೊನೇಲಿ ಯಾರೇನಂದ್ರು ಅಂತ ಗೊತ್ತಾಗೋದು" ಅಂದಳು ಅತ್ತೆ. ಮನೆಗೆ ಬರುವಾಗ ಹುಬ್ಬಿನ ಮೇಲೆ ಹಿಟ್ಟು ಕೂತಿದ್ದರೆ ಗಂಡಸರಿಗೆ ಸಮಾಧಾನವಂತೆ, ಹೆಂಗಸು ಕೆಲಸಕ್ಕೇ ಹೋಗಿದ್ದಳು ಎಂದು.

ಊರಗೌಡರ ಮನೆಯಲ್ಲಿ ತೀರಿಹೋದ ತಮ್ಮನ ಮಗಳೊಬ್ಬಳಿದ್ದಳು, ಸಾವಿತ್ರಿ. ಅಡುಗೆಮನೆಯಲ್ಲೇ ಬೆಳೆದ ಹುಡುಗಿ. ಅವಳನ್ನು ಹೊಳಲ್ಕೆರೆ ಕಡೆಯವನೊಬ್ಬನಿಗೆ ಕೊಡುವುದೆಂದು ಗೌಡರು ಮಾತು ಕೊಟ್ಟುಬಿಟ್ಟರು. ಅವನಿಗೆ ಅದು ಎರಡನೇ ಮದುವೆ. ಮೊದಲನೆಯವಳು ಹೊಂದಿಕೆಯಾಗದೆ ತವರಿಗೆ ಹೋದಳು ಎಂಬುದು ಗಂಡಿನ ಕಡೆಯವರು ಹೇಳಿದ್ದ ಮಾತು. ಆದರೆ ಊರೂರು ಸುತ್ತುವ ಬಳೆಗಾರ್ತಿಯೊಬ್ಬಳು ಗಿರಣಿ ಹತ್ತಿರ ಕೂತು ಬೇರೆ ಹೇಳಿದಳು. ಆ ಮೊದಲನೇ ಹೆಂಡತಿಗೆ ಬಳೆ ತೊಡಿಸಲು ಅವಳ ತವರಿಗೆ ಹೋಗಿದ್ದಳಂತೆ. ಎಡಗೈಗೆ ಬಳೆ ಏರಲೇ ಇಲ್ಲವಂತೆ. ಮಣಿಕಟ್ಟು ಮುರಿದು, ಸೊಟ್ಟಗೇ ಕೂಡಿಕೊಂಡಿತ್ತು.

"ಗೌಡ್ರಿಗೆ ಹೇಳಬಾರದಿತ್ತಾ?" ಅಂದೆ.

"ಹೇಳಿದ್ರೆ ಏನಂತಿದ್ರು? ಗಂಡಸಂದ್ ಮ್ಯಾಲೆ ಒಂದೇಟು ಹೊಡೀತಾನೆ ಅಂತಿದ್ರು. ಮುಹೂರ್ತ ಹದಿನೈದು ದಿನ ಐತೆ ಅನ್ನಂಗೆ, ನಾನೇ ಕೆಂಚಿ ಕಿವೀಲಿ ಹೇಳ್ದೆ. ಗಂಡು ಕೆಟ್ಟೋನು ಅಂತ ಸುದ್ದಿ ಬಿಡಬ್ಯಾಡ. ಹೊಳಲ್ಕೆರೆಯವರು ಈ ಸಂಬಂಧನೇ ಬ್ಯಾಡ ಅಂತವ್ರಂತೆ, ಹೆಣ್ಣಿನ ಮನೆ ಅಂತಸ್ತು ಸಾಲದಂತೆ, ನಾಳೆ ನಾಡಿದ್ದು ಹೇಳಿ ಕಳಿಸ್ತಾರಂತೆ. ಇಷ್ಟೇ ಅನ್ನು ಅಂತ."

ನಾನು ಬೆರಗಾಗಿ ಅವಳ ಮುಖವನ್ನೇ ನೋಡಿದೆ. ಮೂವತ್ತು ಕಂತು ಬರೆದ ನನ್ನ ತಲೆಗೆ ಇಂಥದ್ದು ಒಂದೂ ಹೊಳೆದಿರಲಿಲ್ಲ.

ಆ ಮಾತು ಗಿರಣಿಯಿಂದ ಹೊರಟು ಮೂರು ದಿನಕ್ಕೆ ಗೌಡರ ಅಡುಗೆಮನೆ ಸೇರಿತು. ನಾಲ್ಕನೇ ದಿನ ಗೌಡರ ಹೆಂಡತಿಯ ಬಾಯಿಂದಲೇ ಗೌಡರ ಕಿವಿಗೆ ಬಿತ್ತು. ಅವರು ತಮ್ಮನ್ನು ಬೇಡ ಅನ್ನುವ ಮೊದಲು ತಾವೇ ಬೇಡ ಅನ್ನಬೇಕೆಂದು ಗೌಡರು ಆಳು ಕಳಿಸಿ ಸಂಬಂಧ ಮುರಿದರು. ಆದರೆ ಲಗ್ನಪತ್ರಿಕೆ ಹಂಚಿಯಾಗಿತ್ತು. ಅದೇ ಮುಹೂರ್ತಕ್ಕೆ ಇನ್ನೊಂದು ಗಂಡು ಬೇಕು. ಆಗ ಅತ್ತೆ ಸಾರಿಗೆ ಉಪ್ಪು ಕೇಳಲು ಹೋದವಳ ಹಾಗೆ ಗೌಡರ ಮನೆ ಹಿತ್ತಿಲಿಗೆ ಹೋಗಿ, ಹೊಸದುರ್ಗದಲ್ಲಿ ಮೇಷ್ಟ್ರಾಗಿರುವ ತನ್ನ ತಮ್ಮನ ವಿಷಯ ಎತ್ತಿದಳು.

ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ನನಗೂ ಹೆಸರು ಕೇಳಿದಾಗಲೇ ಗೊತ್ತಾಗಿತ್ತು. ಸಾವಿತ್ರಿ ನನ್ನ ಅವ್ವ. ಅಪ್ಪ ಅವ್ವನ ಜಾತಕ ಬಹಳ ಚೆನ್ನಾಗಿ ಕೂಡಿಬಂದಿತ್ತು ಎಂದೇ ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು.

"ಅತ್ತೆ, ನೀನು ಅವ್ವನ್ನ ಉಳಿಸಾಕೆ ಮಾಡಿದ್ಯೋ, ಅಪ್ಪಂಗೆ ಹೆಣ್ಣು ತರಾಕೆ ಮಾಡಿದ್ಯೋ?"

"ಎಲ್ಡೂ ಇತ್ತು" ಅಂದಳು ಅತ್ತೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಕಥೆಯೊಂದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದೆ. ಆದರೆ ಅವಳು ಎರಡು ದಿನ ಉಣ್ಣದಿದ್ದದ್ದು ಇದಕ್ಕಲ್ಲ.

ಮದುವೆ ಮೂರು ದಿನ ಇದೆ ಅನ್ನುವಾಗ ಗೌಡರಿಗೆ ಹೊಸದುರ್ಗದ ಸಂತೆಯಲ್ಲಿ ಹೊಳಲ್ಕೆರೆಯವರು ಎದುರಿಗೇ ಸಿಕ್ಕರು. ನಾವು ಬೇಡ ಅಂದೇ ಇರಲಿಲ್ಲವಲ್ಲ ಎಂದು ಅವರು ಆಣೆ ಮಾಡಿದರು. ಗೌಡರು ಊರಿಗೆ ಬಂದು ಮಾತಿನ ಬಾಲ ಹಿಡಿದು ಹಿಂದಕ್ಕೆ ಹಿಂದಕ್ಕೆ ಬಂದು ಗಿರಣಿ ಬಾಗಿಲಿಗೆ ನಿಂತರು. ಗಿರಣಿಯ ಬೆಲ್ಟು ತೆಗೆಸಿದರು. ಸದ್ದು ನಿಂತಿತು. ಏಳೆಂಟು ಹೆಂಗಸರಿದ್ದರು, ಅವರಲ್ಲಿ ಅತ್ತೆಯೂ ಇದ್ದಳು.

"ಈ ಮಾತು ಹುಟ್ಟಿಸಿದೋರು ಯಾರು ಅಂತ ಕೇಳಿದ್ರು. ಯಾರೂ ಉಸಿರು ಬಿಡ್ಲಿಲ್ಲ. ಒಬ್ಬೊಬ್ಬರ ಮುಖಾನೇ ನೋಡ್ಕಂಡು ಬಂದ್ರು. ನನ್ನ ಹತ್ರ ಬರೋ ಹೊತ್ತಿಗೆ ಕೆಂಚಿ, ನಾನೇ ಗೌಡ್ರೆ ಅಂದ್ಲು. ನಾನು ಬಾಯಿ ತೆರೀಲಿಲ್ಲ ಕಣಮ್ಮ. ಪುಟ್ಟಿ ಹಿಡ್ಕಂಡು ಹಂಗೇ ನಿಂತಿದ್ದೆ."

ಗೌಡರು ಗಿರಣಿ ಬಿಡಿಸಿದರು. ಒಂದು ವಾರದೊಳಗೆ ಕೆಂಚಮ್ಮ ಗಂಡನ ಜೊತೆ ಊರು ಬಿಟ್ಟಳು. ಹಿರಿಯೂರಿನ ಆಚೆ ಹರಿಯಬ್ಬೆ ಅವಳ ತವರು, ಅಲ್ಲಿಗೆ ಹೋದಳು. ಸಾಮಾನು ಗಾಡಿಗೆ ಹೇರುವಾಗ ಅತ್ತೆ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ನಲವತ್ತೆಂಟು ವರ್ಷವಾಯಿತು, ಮತ್ತೆ ನೋಡಲಿಲ್ಲ. "ಸುದ್ದಿ ಮುಟ್ಟಿಸೋರು ಅಂದ್ರೆ ಜನಕ್ಕೆ ಸಸಾರ. ಊರು ಬಿಡಿಸಿ ಆಚೆ ಹಾಕಬಹುದು. ನೀನೂ ಹಂಗೇ ಮಾಡಾಕೆ ಹೊಂಟೀಯ ಅಂತ ರೂಪಾ ಹೇಳಿದಾಗ ನಂಗೆ ತಡಿಯಾಕೆ ಆಗ್ಲಿಲ್ಲ" ಅಂದಳು.

ಆ ವಾರ ಕಂತು ಹಾಕಲಿಲ್ಲ. ಆಮೇಲೆ ಬರೆಯಲು ಕೂತಾಗ ಚೆನ್ನಿಯನ್ನು ಹೊರಗೆ ದಬ್ಬಲು ಕೈ ಏಳಲಿಲ್ಲ. ಅವಳು ಇವತ್ತಿಗೂ ಕೋಟೆಯೊಳಗೇ ಇದ್ದಾಳೆ. ರಾಣಿಯ ಕುದುರೆ ಲಾಯದಲ್ಲಿ ಮೇವು ತಿನ್ನುತ್ತಿದೆ.

ಕೆಂಚಮ್ಮ ಬದುಕಿದ್ದಾಳೋ ಇಲ್ಲವೋ ಎಂಬುದೇ ಅತ್ತೆಗೆ ಗೊತ್ತಿರಲಿಲ್ಲ. ನನಗೆ ಅದು ತಲೆಯಲ್ಲಿ ಕೊರೆಯತೊಡಗಿತು. ನಮ್ಮ ಸ್ಕೂಲಿನ ಒಬ್ಬ ಮೇಡಂ ಹಿರಿಯೂರಿನವರು. ಅವರ ಕಡೆಯಿಂದ ವಿಚಾರಿಸಿದರೆ ಎರಡೇ ದಿನಕ್ಕೆ ಉತ್ತರ ಬಂತು. ಇದ್ದಾಳೆ, ಗಂಡ ಇಲ್ಲ, ಮಗ ಸೊಸೆ ಜೊತೆ ಇದ್ದಾಳೆ, ಕಿವಿ ಚುರುಕಾಗಿದೆ. "ಹೋಗಾಣ ಅತ್ತೆ" ಅಂದೆ. ಒಂದು ವಾರ ಬೇಡ ಅಂದಳು. ಎಂಟನೇ ದಿನ ತಾನೇ ಫೋನು ಮಾಡಿಸಿ, "ಕಾರು ಮಾಡ್ಕಂಡು ಬಾ, ಬಸ್ಸಲ್ಲಿ ಸೊಂಟ ಹಿಡೀತೈತೆ" ಅಂದಳು.

ಅತ್ತೆ ಬಾಗಿಲಲ್ಲೇ ಕಾದಿದ್ದಳು. ಹೊಸ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಎರಡು ತೆಂಗಿನಕಾಯಿ, ಒಂದು ಡಬ್ಬಿ ಕರ್ಜಿಕಾಯಿ. ಹಿರಿಯೂರು ದಾಟಿ ಹರಿಯಬ್ಬೆ ಮುಟ್ಟಿದಾಗ ಹನ್ನೊಂದು ಗಂಟೆ. ಮನೆ ಮುಂದಿನ ಬೇವಿನ ಮರದಡಿ ಒಬ್ಬ ಮುದುಕಿ ಕಾಲು ಚಾಚಿ ಕೂತು ಈರುಳ್ಳಿಯ ಒಣಗಿದ ಬಾಲ ಕೊಯ್ಯುತ್ತಿದ್ದಳು. ಕಾರು ನಿಂತದ್ದಕ್ಕೆ ತಲೆ ಎತ್ತಿದಳು. ಅತ್ತೆ ಇಳಿಯಲು ಏಳಲಿಲ್ಲ. ನಾನೇ ಬಾಗಿಲು ತೆಗೆದು ಕೈ ಹಿಡಿದು ಇಳಿಸಬೇಕಾಯಿತು.

"ಯಾವೂರಾತು?" ಅಂದಳು ಮುದುಕಿ.

"ಮತ್ತೋಡು" ಅಂದಳು ಅತ್ತೆ.

"ಮತ್ತೋಡಲ್ಲಿ ಯಾರು?"

"ಗಂಗಿ."

ಕೆಂಚಮ್ಮನ ಕೈ ನಿಂತಿತು. ಮತ್ತೆ ಒಂದು ಈರುಳ್ಳಿ ತೆಗೆದುಕೊಂಡು ಬಾಲ ಕೊಯ್ದು ರಾಶಿಗೆ ಹಾಕಿದಳು. ಇನ್ನೂ ಒಂದು ಕೊಯ್ದಳು. ಆಮೇಲೆ ಪಕ್ಕದ ಗೋಣಿಚೀಲ ಎಳೆದು ಹಾಸಿ, "ಕುಂತ್ಕ. ನಿಂತ್ಕಂಡು ಎಷ್ಟೊತ್ತು ಇರ್ತೀಯ" ಅಂದಳು.

ಅತ್ತೆ ಕೂತಳು. ಕರ್ಜಿಕಾಯಿ ಡಬ್ಬಿಯನ್ನು ಕೆಂಚಮ್ಮನ ಮುಂದೆ ಸರಿಸಿದಳು. ಕಡೆಗೆ, "ಅವತ್ತು ನಾನು ನನ್ನ ಹೆಸರು ಹೇಳಬೇಕಿತ್ತು ಕೆಂಚಿ" ಅಂದಳು.

"ಹೇಳಿದ್ರೆ ಎಲ್ಲ ಹಾಳಾಗೋದು" ಅಂದಳು ಕೆಂಚಮ್ಮ, ಬಹಳ ಸಾದಾ ದನಿಯಲ್ಲಿ. "ನಿನ್ನ ತಮ್ಮನ ಮದ್ವೆ ಇನ್ನ ಮೂರು ದಿನ ಇತ್ತು. ಇದು ನಿನ್ನ ಕೆಲಸ ಅಂತ ಗೊತ್ತಾಗಿದ್ರೆ ಗೌಡ್ರು ಆ ಮದ್ವೆನೂ ಮುರಿಯೋರು. ಆ ಹುಡುಗಿ ತಿರುಗಿ ಆ ಹೊಳಲ್ಕೆರೆಯವನ ಮನೆಗೇ ಹೋಗೋಳು. ಗೌಡ್ರು ನಿನ್ನ ಮುಂದೆ ಬಂದ್ ನಿಂತಾಗ ನಿನ್ನ ಮುಖ ನೋಡ್ದೆ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಅದೇ ಎಲ್ಲ ಹೇಳಿಬಿಡೋದು. ಅದಕ್ಕೇ ನಾನು ಬಾಯಿ ಹಾಕ್ದೆ."

ಅತ್ತೆ ಅವಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕೆಂಚಮ್ಮ ಹೆದರಿ ಒಪ್ಪಿಕೊಂಡಳು ಎಂದೇ ಅವಳು ತಿಳಿದಿದ್ದಳು.

"ಕಷ್ಟ ಆಗ್ಲಿಲ್ಲ ಅಂತ ಹೇಳಲ್ಲ. ಎಲ್ಡು ವರ್ಷ ಕಂಡೋರ ಹೊಲದಾಗೆ ಕಳೆ ತೆಗ್ದೀವಿ. ಆಮ್ಯಾಲೆ ನಾಕು ಕುರಿ ಕಟ್ಕಂಡ್ವಿ. ಅದಲ್ಲ ನಂಗೆ. ಗಾಡಿ ಹತ್ತೋವಾಗ ನೀನು ಬಾಗ್ಲು ತೆಗೀತೀಯೇನೋ ಅಂತ ತಿರುತಿರುಗಿ ನೋಡ್ದೆ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೆಂಚಮ್ಮನೂ ಒರೆಸಿಕೊಂಡಳು, ಈರುಳ್ಳಿ ಕೈಯಲ್ಲೇ. ಅದು ಉರಿದು ಇನ್ನಷ್ಟು ನೀರು ಬಂತು. ಆಮೇಲೆ ನನ್ನ ಕಡೆ ತಿರುಗಿ, "ಇದು ಸಾವಿತ್ರಿ ಮಗಳಲ್ಲವಾ? ಗದ್ದ ಹಂಗೇ ಐತೆ" ಅಂದಳು.

ನಾನು ಯಾರೆಂದು ಯಾರೂ ಹೇಳಿರಲಿಲ್ಲ. "ನಿಮಗೆ ಹೆಂಗೆ ಗೊತ್ತು?" ಅಂದೆ.

"ನಿಮ್ಮವ್ವ ನಿನ್ನನ್ನ ಸೊಂಟದ ಮ್ಯಾಲೆ ಕೂರಿಸ್ಕಂಡು ಬಂದಿದ್ಲು ಮೊದಲನೇ ಸಲ. ಈ ಮರಕ್ಕೇ ಜೋಲಿ ಕಟ್ಟಿದ್ವಿ ನಿಂಗೆ. ಆಮ್ಯಾಲೆ ವರ್ಷಕ್ಕೊಂದು ಸಲ, ಯುಗಾದಿ ಆದ ಮ್ಯಾಲೆ, ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ."

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅವ್ವ ಒಬ್ಬಳೇ ಬಸ್ಸು ಹತ್ತಿ ಹಿರಿಯೂರಿನ ಕಡೆ ಹೋಗುತ್ತಿದ್ದದ್ದು ನಿಜ. ಹರಕೆ ಇದೆ ಅನ್ನುತ್ತಿದ್ದಳು. ಯಾವ ದೇವರು ಎಂದು ಅಪ್ಪನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಬರುವಾಗ ಚೀಲದಲ್ಲಿ ಶೇಂಗಾ ಇರುತ್ತಿತ್ತು, ಪ್ರಸಾದವೆಂದು ತಿನ್ನುತ್ತಿದ್ದೆವು.

ಅತ್ತೆಗೆ ನನಗಿಂತ ಹೆಚ್ಚು ಏಟು ಬಿದ್ದಿತ್ತು. ಮತ್ತೋಡಿನಲ್ಲಿ ಯಾವ ಮನೆಯ ಒಲೆ ಮೇಲೆ ಏನು ಬೇಯುತ್ತದೆಂದು ಹೇಳಬಲ್ಲವಳು ಅವಳು. ಅವ್ವನನ್ನು ನಗುನಗುತ್ತಲೇ ಮೂಗಿ ಎಂದು ಕರೆಯುತ್ತಿದ್ದಳು, ಕೇಳಿದಷ್ಟಕ್ಕೆ ಮಾತ್ರ ಬಾಯಿ ಬಿಡುತ್ತಾಳೆಂದು. "ಅವಳಿಗೆ ಯಾರು ಹೇಳಿದ್ರು ಇದನ್ನೆಲ್ಲ?" ಎಂದು ಕೇಳಿದಳು.

"ಯಾರು ಹೇಳ್ಬೇಕು? ಗೌಡ್ರ ಅಡುಗೆಮನೇಲಿ ಬೆಳೆದೋಳು. ನಮ್ಮ ಮಾತು ಮೊದ್ಲು ಬಿದ್ದಿದ್ದೇ ಅವಳ ಕಿವಿಗೆ. ಅದು ಸುಳ್ಳು ಅಂತನೂ ಗೊತ್ತಾಗಿತ್ತಂತೆ. ಗೊತ್ತಾಗೇ ದೊಡ್ಡಮ್ಮಂಗೆ ಮುಟ್ಟಿಸಿದ್ದು ಅವಳು."

ಗೌಡರ ಹೆಂಡತಿಯ ಕಿವಿಗೆ ಆ ಮಾತು ಹಾಕಿದವಳು ನನ್ನ ಅವ್ವ. ಹದಿನೆಂಟು ವರ್ಷದ ಹುಡುಗಿ, ಒಲೆ ಊದುತ್ತಾ, ಅಥವಾ ರೊಟ್ಟಿ ತಟ್ಟುತ್ತಾ, ಯಾವ ದನಿಯಲ್ಲಿ ಹೇಳಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿ ನೋಡಿದ್ದೇನೆ. ಬರೆಯಲೂ ನೋಡಿದ್ದೇನೆ. ಬಂದಿಲ್ಲ. ಆರು ವರ್ಷದ ಹಿಂದೆ ಅವ್ವ ತೀರಿಕೊಂಡಳು, ಕೇಳೋಣವೆಂದರೆ ಇಲ್ಲ.

"ಮತ್ತೆ ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ ಅವಳು?" ಅಂದಳು ಅತ್ತೆ.

"ನೀನೇ ಹೇಳ್ತೀಯ ಅಂತ ಕಾಯ್ತಿದ್ಲು."

ಅತ್ತೆ ತಲೆ ಬಗ್ಗಿಸಿ ಗೋಣಿಚೀಲದ ಎಳೆಯೊಂದನ್ನು ಎಳೆಯುತ್ತಾ ಕೂತಳು. ಕೆಂಚಮ್ಮ ಹೆಚ್ಚು ಹೊತ್ತು ಹಾಗೆ ಬಿಡಲಿಲ್ಲ. ಈರುಳ್ಳಿ ಪುಟ್ಟಿಯನ್ನು ಅತ್ತ ಸರಿಸಿ, ಕುಡುಗೋಲು ಕೆಳಗಿಟ್ಟು, ಕೂತಲ್ಲೇ ತೆವಳಿ ಅವಳ ಪಕ್ಕಕ್ಕೆ ಬಂದಳು.

"ಆಗಿದ್ದು ಆತು. ಸಾವಿತ್ರಿ ಹೋದಾಗಿಂದ ಮತ್ತೋಡಿನ ಸುದ್ದಿ ನಂಗೆ ಯಾರೂ ಹೇಳೋರಿಲ್ಲ. ಆರು ವರ್ಷದ್ದು ಬಾಕಿ ಐತೆ. ಹೇಳು."

"ಎಲ್ಲಿಂದ ಹೇಳ್ಲಿ?"

"ಗೌಡ್ರ ಮನೆಯಿಂದ ಶುರು ಮಾಡು."

ಅತ್ತೆ ಕಾಲು ಮಡಚಿ ಸರಿಯಾಗಿ ಕೂತಳು. ಬಾಯಿ ತೆರೆದವಳು ನನ್ನನ್ನು ನೋಡಿ ಸುಮ್ಮನಾದಳು. ಕೆಂಚಮ್ಮನೂ ನೋಡಿದಳು. "ಒಳಗೆ ನಮ್ಮ ಸೊಸೆ ಅವಳೆ, ಮಜ್ಜಿಗೆ ಕೊಡ್ತಾಳೆ, ಹೋಗವ್ವ" ಅಂದಳು.

ಒಳಗೆ ಹೋದೆ. ಸೊಸೆ ಲೋಟ ಕೈಗೆ ಕೊಟ್ಟು, ನನ್ನ ಜೊತೆಗೇ ಕಿಟಕಿ ಹತ್ತಿರ ಬಂದು ನಿಂತಳು. "ನಿಮ್ಮ ಅಮ್ಮಾರು ಬಂದಾಗಲೂ ಹಿಂಗೇ ರೀ, ನಮ್ಮನ್ನ ಒಳಗೆ ಅಟ್ಟೋರು" ಅಂದಳು. ಮರದಡಿ ಅತ್ತೆ ಕೆಂಚಮ್ಮನ ಕಿವಿಗೆ ಬಾಗಿ ಏನೋ ಹೇಳುತ್ತಿದ್ದಳು. ಕೆಂಚಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಮೈ ಕುಲುಕಿ ನಗುತ್ತಿದ್ದಳು. ನಾವಿಬ್ಬರೂ ಮಜ್ಜಿಗೆ ಕುಡಿಯುವುದು ಬಿಟ್ಟು ಕಿವಿಗೊಟ್ಟೆವು. ಗೌಡರ ಹೆಸರು ಬಿಟ್ಟರೆ ಒಂದಕ್ಷರವೂ ಕೇಳಿಸಲಿಲ್ಲ.